ಒಂದೇ ಮಣ್ಣಿಗೆ ಎರಡು ಉತ್ತರ ಯಾಕೆ? ಕೃಷಿ ಸಚಿವರಿಗೂ ಕೃಷಿ ವಿವಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ, ಕೃಷಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಮಣ್ಣು ಪರೀಕ್ಷಾ ಕೇಂದ್ರಗಳನ್ನು ನಡೆಸುವ ಎಲ್ಲರಿಗೆ,

ನಮಸ್ಕಾರ.

ನಾನು ಕೊಪ್ಪಳ ತಾಲೂಕಿನ ಒಬ್ಬ ರೈತ. ಏಳು ಎಕರೆ ಇದೆ. ನಾಲ್ಕು ಎಕರೆ ಎರಿ, ಅಂದರೆ ಕಪ್ಪು ಮಣ್ಣು; ಮೂರು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣು. ಎರಿಯಲ್ಲಿ ಹಿಂಗಾರಿಗೆ ಕಡಲೆ, ಜೋಳ. ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ಶೇಂಗಾ. ಬೋರ್‌ವೆಲ್ ಇಲ್ಲ, ಮಳೆಯೇ ಗತಿ.

ಕಳೆದ ಬೇಸಿಗೆಯಲ್ಲಿ ಒಂದು ಕಿತಾಪತಿ ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎರಿ ಹೊಲದ ಮಣ್ಣು ಪರೀಕ್ಷೆ ಮಾಡಿಸಬೇಕಿತ್ತು. ತರಬೇತಿಯಲ್ಲಿ ಕಲಿಸಿದ್ದನ್ನು ಒಂದೂ ಬಿಡದೆ ಮಾಡಿದೆ. ಬದುವಿನ ಹತ್ತಿರ ತೆಗೆಯಲಿಲ್ಲ, ಗೊಬ್ಬರ ಗುಡ್ಡೆ ಹಾಕಿದ್ದ ಜಾಗ ಬಿಟ್ಟೆ, ಬೇವಿನ ಗಿಡದ ನೆರಳೂ ಬಿಟ್ಟೆ. ಅಡ್ಡಾದಿಡ್ಡಿ ನಡೆದು ಹತ್ತು ಕಡೆ ಗೇಣುದ್ದ ಕುಳಿ ತೋಡಿ, ಪಕ್ಕದಿಂದ ಒಂದೊಂದು ಹೋಳು ಮಣ್ಣು ಕೆತ್ತಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದೆ. ತಗಡಿನ ಬಕೆಟ್ ಬೇಡ, ಅದರ ಸತುವು ಮಣ್ಣಿಗೆ ಸೇರಿ ಲೆಕ್ಕ ತಪ್ಪುತ್ತದೆ ಅಂತ ಹೇಳಿದ್ದರು. ಹೆಂಟೆ ಒಡೆದು, ಗೋಣಿತಾಟಿನ ಮೇಲೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿದೆ. ಹೀಗೇ ಮಾಡುತ್ತಾ ಹೋಗಿ ಕೊನೆಗೆ ಒಂದೂವರೆ ಕೆಜಿ ಉಳಿಸಿದೆ. ನೆರಳಿನಲ್ಲಿ ಒಣಗಿಸಿದೆ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆದೆ, ಪೆನ್ನಿನ ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ.

ಕಿತಾಪತಿ ಇಷ್ಟೇ. ಆ ಒಂದೂವರೆ ಕೆಜಿಯನ್ನು ಮೂರು ಬಟ್ಟೆ ಚೀಲಕ್ಕೆ ಸಮ ಹಂಚಿದೆ. ಒಂದು ಚೀಲ ಒಂದು ಲ್ಯಾಬಿಗೆ, ಇನ್ನೊಂದು ಮತ್ತೊಂದು ಲ್ಯಾಬಿಗೆ. ಮೂರನೆಯದು ಮನೆಯಲ್ಲೇ ಇರಲಿ ಅಂತ ಇಟ್ಟುಕೊಂಡೆ. ಯಾವ ಲ್ಯಾಬು ಅಂತ ಹೇಳುವುದಿಲ್ಲ. ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ.

ಎರಡೂ ಕಡೆಯಿಂದ ಕಾಗದ ಬಂತು. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, ಸರಿಯಾಗಿಯೇ ಕೂತಿತ್ತು: 8.3, 8.4. ಸಾವಯವ ಇಂಗಾಲ ಒಬ್ಬರದ್ದು 0.42, ಇನ್ನೊಬ್ಬರದ್ದು 0.55. ಸತುವು ಒಬ್ಬರದ್ದು 0.48, ಇನ್ನೊಬ್ಬರದ್ದು 0.81. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಇಂಗಾಲ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, ಮೇಲಿದ್ದರೆ ‘ಮಧ್ಯಮ’. ಇಂಗಾಲ ಕಮ್ಮಿ ಅಂದರೆ ಸಾರಜನಕವೂ ಕಮ್ಮಿ ಅಂತ ಲೆಕ್ಕ. ಸತುವಿಗೆ ಗೆರೆ 0.6. ಅಂದರೆ ಒಂದು ಕಾಗದದ ಪ್ರಕಾರ ನನ್ನ ಹೊಲಕ್ಕೆ ಯೂರಿಯಾ ಜಾಸ್ತಿ ಬೇಕು, ಸತುವಿನ ಸಲ್ಫೇಟೂ ಬೇಕು. ಇನ್ನೊಂದರ ಪ್ರಕಾರ ಆ ಹೆಚ್ಚಿನ ಯೂರಿಯಾವೂ ಬೇಡ, ಸತುವೂ ಬೇಡ. ಹೊಲ ಒಂದೇ, ಬುಟ್ಟಿ ಒಂದೇ, ದಿನವೂ ಒಂದೇ!

ನಮ್ಮ ಅಕ್ಕನ ಮಗಳು ಮಣ್ಣು ವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ರಜೆಗೆ ಬಂದವಳ ಮುಂದೆ ಎರಡೂ ಕಾಗದ ಇಟ್ಟೆ. ಸ್ವಲ್ಪ ಹೊತ್ತು ನೋಡಿದಳು. “ಮಾವಾ, ಮೊಬೈಲ್ ಕೊಡ್ರಿ” ಅಂದಳು. 0.42 ಇಂಟು 1.3 ಒತ್ತಿದಳು. 0.546 ಬಂತು. “ನೋಡ್ರಿ, 0.55 ಆತಲ್ಲ” ಅಂದು ನಕ್ಕಳು.

ಆಮೇಲೆ ಬಿಡಿಸಿ ಹೇಳಿದಳು. ಇಂಗಾಲ ಅಳೆಯಲು ನಮ್ಮ ಲ್ಯಾಬುಗಳಲ್ಲಿ ಜಾಸ್ತಿ ಬಳಸುವುದು ವಾಕ್ಲಿ ಮತ್ತು ಬ್ಲ್ಯಾಕ್ ಎಂಬ ಇಬ್ಬರು 1934ರಲ್ಲಿ ಕೊಟ್ಟ ವಿಧಾನ. ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೊಮೇಟು, ಗಂಧಕಾಮ್ಲ ಹಾಕಿ ಇಂಗಾಲವನ್ನು ಸುಡಿಸುತ್ತಾರೆ. ಹೊರಗಿನಿಂದ ಬೆಂಕಿ ಕೊಡುವುದಿಲ್ಲ, ಆಮ್ಲದ ಕಾವೇ ಸಾಕು. ಆದರೆ ಅಷ್ಟು ಕಾವಿಗೆ ಇಂಗಾಲವೆಲ್ಲ ಸುಡುವುದಿಲ್ಲ, ನೂರರಲ್ಲಿ ಹತ್ತಿರಹತ್ತಿರ 77 ಪಾಲು ಸುಡುತ್ತದೆ ಅಂತ ಲೆಕ್ಕ. ಉಳಿದದ್ದನ್ನು ಸೇರಿಸಲು 1.3ರಿಂದ ಗುಣಿಸಬೇಕು. ಒಬ್ಬರು ಗುಣಿಸಿದ್ದಾರೆ, ಇನ್ನೊಬ್ಬರು ಬಿಟ್ಟಿದ್ದಾರೆ. ಇದು ಅವಳ ಊಹೆ. ಖಾತ್ರಿ ಮಾಡಿಕೊಳ್ಳೋಣ ಅಂದರೆ ಎರಡೂ ಕಾಗದದಲ್ಲಿ ಯಾವ ವಿಧಾನ, ಗುಣಿಸಿದ್ದಾರೋ ಇಲ್ಲವೋ ಅಂತ ಒಂದಕ್ಷರ ಇರಲಿಲ್ಲ.

ಸತುವಿನದ್ದು ಮಾತ್ರ ಅವಳಿಗೂ ಬಗೆಹರಿಯಲಿಲ್ಲ. ಮಣ್ಣನ್ನು ಡಿಟಿಪಿಎ ಎಂಬ ದ್ರಾವಣದಲ್ಲಿ ಎರಡು ಗಂಟೆ ಅಲುಗಾಡಿಸಿ ಸೋಸಬೇಕಂತೆ. ಸಮಯ ಹೆಚ್ಚುಕಮ್ಮಿಯಾದರೆ ಅಂಕಿಯೂ ಹೆಚ್ಚುಕಮ್ಮಿ. ಯಾರೋ ಚಹಾಕ್ಕೆ ಹೋಗಿದ್ದಿರಬಹುದು, ಪಾಪ.

ಸ್ವಾಮಿ, ಪ್ರತಿ ವರ್ಷ ಡಿಸೆಂಬರ್ 5ಕ್ಕೆ ವಿಶ್ವ ಮಣ್ಣು ದಿನದ ಬ್ಯಾನರ್ ಕಟ್ಟುತ್ತೀರಿ. ಹೊರದೇಶದ ವಿಶ್ವವಿದ್ಯಾಲಯದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಫೋಟೊ ಪೇಪರಿನಲ್ಲಿ ಬರುತ್ತದೆ. ಸಂಶೋಧನೆಯಲ್ಲಿ ಸಹಕಾರ ಅನ್ನುತ್ತೀರಿ. ಬೇಡ ಅನ್ನುತ್ತಿಲ್ಲ. ಆದರೆ ಒಂದೇ ರಾಜ್ಯದ ಎರಡು ಲ್ಯಾಬು ಒಂದೇ ಮಣ್ಣಿಗೆ ಒಂದೇ ಉತ್ತರ ಕೊಡದಿದ್ದರೆ ಆ ಫೋಟೊದಿಂದ ನನಗೇನು ಬಂತು?

ಇದು ನಮ್ಮೊಬ್ಬರ ಸಮಸ್ಯೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಜಗತ್ತಿನ ಮಣ್ಣು ವಿಜ್ಞಾನಿಗಳು 1924ರಲ್ಲಿ ರೋಮಿನಲ್ಲಿ ಸೇರಿ ಒಂದು ಸಂಘ ಕಟ್ಟಿಕೊಂಡರು. 1982ರಲ್ಲಿ ಅದರ ಮಹಾಸಮ್ಮೇಳನ ದಿಲ್ಲಿಯಲ್ಲೂ ನಡೆದಿತ್ತು. ಸಂಘಕ್ಕೆ ನೂರು ವರ್ಷ ಆಗಿಹೋಯಿತು. ಎಷ್ಟು ಸಣ್ಣ ಕಣ ಮರಳು, ಎಷ್ಟು ಸಣ್ಣದು ಜೇಡಿ ಅನ್ನುವುದನ್ನು ಎಲ್ಲ ದೇಶದವರೂ ಒಂದೇ ಅಳತೆಯಲ್ಲಿ ಹೇಳಬೇಕು ಅನ್ನುವ ಮಾತು ಆ ಕಾಲದಲ್ಲೇ ನಡೆದಿತ್ತು. ಇವತ್ತಿಗೂ ಮರಳು ಎಲ್ಲಿ ಮುಗಿದು ಹೂಳಿನ ಕಣ ಎಲ್ಲಿ ಶುರು ಅಂದರೆ ಅಮೆರಿಕದ ಪದ್ಧತಿ 0.05 ಮಿಲಿಮೀಟರ್ ಅನ್ನುತ್ತದೆ, ಹಳೆಯ ಅಂತರರಾಷ್ಟ್ರೀಯ ಪದ್ಧತಿ 0.02 ಅನ್ನುತ್ತದೆ. ದೊಡ್ಡ ದೊಡ್ಡ ದೇಶಗಳೇ ಒಪ್ಪಿಲ್ಲ ಅಂದಮೇಲೆ ನಮ್ಮ ಲ್ಯಾಬಿನ ಹುಡುಗರನ್ನು ಬೈದು ಏನು ಪ್ರಯೋಜನ?

ಆದರೆ ದಾರಿ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2012ರಲ್ಲಿ ಜಾಗತಿಕ ಮಣ್ಣು ಸಹಭಾಗಿತ್ವ ಅಂತ ಶುರು ಮಾಡಿತು. ಅದರ ಕೆಳಗೆ 2017ರಲ್ಲಿ ಗ್ಲೊಸೊಲಾನ್ ಅನ್ನುವ ಲ್ಯಾಬುಗಳ ಜಾಲ ಹುಟ್ಟಿತು. ಅವರು ಮಾಡುವ ಕೆಲಸ ಕೇಳಿದರೆ ನನಗೆ ನನ್ನ ಮೂರು ಚೀಲವೇ ನೆನಪಾಗುತ್ತದೆ. ಒಂದೇ ಮಣ್ಣನ್ನು ಚೆನ್ನಾಗಿ ಕಲಸಿ, ಪಾಲು ಮಾಡಿ, ಬೇರೆ ಬೇರೆ ದೇಶದ ಲ್ಯಾಬುಗಳಿಗೆ ಕಳಿಸುತ್ತಾರೆ. ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಯಾರದ್ದು ದೂರ ಹೋಗಿದೆಯೋ ಅವರಿಗೆ ತಿಳಿಸುತ್ತಾರೆ. ಜೊತೆಗೆ ಯಾವ ಪರೀಕ್ಷೆಯನ್ನು ಹೇಗೆ ಮಾಡಬೇಕು ಅಂತ ಹಂತ ಹಂತವಾಗಿ ಬರೆದು ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ವಾಕ್ಲಿ-ಬ್ಲ್ಯಾಕ್ ವಿಧಾನವೂ ಅದರಲ್ಲಿದೆ. ನೆದರ್ಲ್ಯಾಂಡ್ಸಿನ ವಾಗೆನಿಂಗೆನ್‌ನಿಂದಲೂ ಇಂಥದ್ದೇ ಮಣ್ಣಿನ ವಿನಿಮಯ ಬಹಳ ಕಾಲದಿಂದ ನಡೆಯುತ್ತಿದೆ. ಇದಕ್ಕೆ ಉಪಗ್ರಹ ಬೇಡ, ಕೋಟಿಗಟ್ಟಲೆ ಯಂತ್ರ ಬೇಡ. ಮಣ್ಣು, ಚೀಲ, ಅಂಚೆ ಖರ್ಚು. ಮತ್ತೆ, ತಪ್ಪಾದರೆ ತಪ್ಪು ಅಂತ ಒಪ್ಪಿಕೊಳ್ಳುವ ಮನಸ್ಸು.

ಹೊರಗಿನವರ ಹತ್ತಿರ ಕಲಿಯುವುದು ನಮಗೆ ಹೊಸದೇನೂ ಅಲ್ಲ. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಜಾಗ ಕೊಟ್ಟಾಗ ಅಲ್ಲಿ ಕೂತು ಮಣ್ಣು ಮತ್ತು ಬೆಳೆಯ ನಂಟು ನೋಡಿದವರು ಲೆಹ್ಮನ್ ಎಂಬ ವಿಜ್ಞಾನಿ, ಹೊರದೇಶದವರು. 1964ರಲ್ಲಿ ಬೆಂಗಳೂರು ಕೃಷಿ ವಿವಿ ಕಟ್ಟುವಾಗ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯ ಕೈಜೋಡಿಸಿತ್ತು. 1970ರಲ್ಲಿ ಒಣಬೇಸಾಯದ ಅಖಿಲ ಭಾರತ ಯೋಜನೆಗೆ ಕೆನಡಾ ನೆರವು ಕೊಟ್ಟಿತು. ಬೆಂಗಳೂರು, ವಿಜಯಪುರ ಎರಡೂ ಅದರ ಕೇಂದ್ರಗಳು. ನನ್ನಂಥ ಮಳೆಯಾಶ್ರಿತ ರೈತನಿಗೆ ಈ ಕೊನೆಯದೇ ದೊಡ್ಡದು.

2009ರಲ್ಲಿ ಭೂಚೇತನ ಯೋಜನೆ ಬಂತು. ಹೈದರಾಬಾದ್ ಪಕ್ಕದ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಜೊತೆ ನಮ್ಮ ಸರ್ಕಾರ ಸೇರಿ ಮಾಡಿದ್ದು. ಸಾವಿರಾರು ಹೊಲದ ಮಣ್ಣು ತೆಗೆದು ನೋಡಿದರು. ಸಾರಜನಕ, ರಂಜಕ, ಪೊಟ್ಯಾಷ್ ಅಷ್ಟೇ ಗೊತ್ತಿದ್ದ ನಮಗೆ ಗಂಧಕ, ಸತುವು, ಬೋರಾನ್ ಕೂಡ ಕಮ್ಮಿ ಇದೆ ಅಂದರು. ಬೋರಾಕ್ಸ್ ಪಾಕೀಟು ನೋಡಿ ನಮ್ಮೂರ ಹುಡುಗರು “ಇದು ಕೇರಂ ಬೋರ್ಡಿನ ಪುಡಿ ಅಲ್ವಾ?” ಅಂತ ನಗಾಡಿದ್ದರು. ಎಕರೆಗೆ ಎರಡು ಕೆಜಿ ಸಾಕು ಅಂದಿದ್ದರು. ಬೋರಾನ್ ವಿಷಯ ಸೂಕ್ಷ್ಮ: ಕಮ್ಮಿಯಾದರೂ ಕಷ್ಟ, ಸ್ವಲ್ಪ ಜಾಸ್ತಿಯಾದರೂ ಬೆಳೆಗೆ ವಿಷ. ಅಂಥದ್ದನ್ನು ಲ್ಯಾಬಿನ ಅಂಕಿ ನಂಬಿಯೇ ಹಾಕಬೇಕು. ಪರೀಕ್ಷೆಗೆ ಬಳಸುವ ಗಾಜಿನಲ್ಲೇ ಬೋರಾನ್ ಇದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ ಅಂತ ಅಕ್ಕನ ಮಗಳು ಹೇಳಿದ ಮೇಲೆ ನನಗೆ ಪಾಕೀಟು ಬಿಚ್ಚಲಿಕ್ಕೇ ಹೆದರಿಕೆ.

ಈಗ ಗುಂಡಿಯ ಕಥೆ. ವಿಶ್ವಬ್ಯಾಂಕ್ ನೆರವಿನ ಸುಜಲಾ-3 ಜಲಾನಯನ ಯೋಜನೆಯಲ್ಲಿ ನಮ್ಮ ಜಿಲ್ಲೆಯೂ ಇತ್ತು. ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ಬೆಂಗಳೂರು ಕೇಂದ್ರದವರೂ ಕೃಷಿ ವಿವಿಯವರೂ ಸೇರಿ ಊರೂರಿನ ಭೂಮಿ ಅಳೆದರು. ನಮ್ಮ ಎರಿಯಲ್ಲಿ ಆಳುದ್ದ ಗುಂಡಿ ತೋಡಿಸಿದರು. ಒಬ್ಬ ವಿಜ್ಞಾನಿ ಒಳಗಿಳಿದು ಚಾಕುವಿನಿಂದ ಗೋಡೆ ಕೆರೆದರು. ಒಂದು ಸಣ್ಣ ಪುಸ್ತಕ ತೆಗೆದರು, ಸೀರೆ ಅಂಗಡಿಯ ಬಣ್ಣದ ಪಟ್ಟಿಯಂಥದ್ದು. ಮಣ್ಣಿನ ಹೆಂಟೆಯನ್ನು ಅದರ ಪಕ್ಕ ಹಿಡಿದು “10 ವೈಆರ್ 3/1” ಅಂದರು, ಅದು ಆ ಬಣ್ಣದ ಗುರುತು. ಮೇಲೆ ನಿಂತವನು ಬರೆದುಕೊಂಡ. ಚಿಟಿಕೆ ಮಣ್ಣು ನೆನೆಸಿ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ರಿಬ್ಬನ್ ತರಹ ಎಳೆದರು, ಅದು ಎಷ್ಟುದ್ದ ಹರಿಯದೆ ಬರುತ್ತದೋ ಅಷ್ಟು ಜೇಡಿ. ಕೆಳಗಿನ ಪದರಕ್ಕೆ ಆಮ್ಲದ ಎರಡು ಹನಿ ಬಿಟ್ಟರು. ಬುಸ್ ಅಂತ ನೊರೆ ಬಂತು. ಸುಣ್ಣ ಇದೆ ಅಂದರು. ಅಪ್ಪ ದಂಡೆಯ ಮೇಲೆ ಕೂತು ಎಲ್ಲ ನೋಡಿ, “ಎರಿ ಅಂತ ನಾನ ಹೇಳ್ತಿದ್ನಲ್ಲೋ, ಇಷ್ಟ ತೋಡೋದ್ಯಾಕ ಬೇಕಿತ್ತು?” ಅಂದ. ವಿಜ್ಞಾನಿ ಬೇಜಾರು ಮಾಡಿಕೊಳ್ಳಲಿಲ್ಲ. “ಹೌದು ಅಜ್ಜಾರ, ಇದಕ್ಕೆ ವರ್ಟಿಸಾಲ್ ಅಂತಾರ, ತಿರುಗೋ ಮಣ್ಣು ಅಂತ ಅರ್ಥ” ಅಂದರು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೇಲಿನದ್ದು ಕೆಳಗೆ ಬೀಳುತ್ತದೆ, ಮಳೆಗೆ ಉಬ್ಬಿ ಕೆಳಗಿನದ್ದು ಮೇಲೆ ಬರುತ್ತದೆ. ಅದಕ್ಕೆ ಅಪ್ಪ, “ಎರಿ ತನ್ನ ರಂಟಿ ತಾನ ಹೊಡಕೊಂತೈತಿ” ಅಂದ. ರಂಟಿ ಅಂದರೆ ನೇಗಿಲು. ಇಬ್ಬರೂ ಹೇಳಿದ್ದು ಒಂದೇ.

ಆ ಸಮೀಕ್ಷೆಯಿಂದ ಮಾಡಿದ ಮಣ್ಣು ನಕ್ಷೆಯ ಅಳತೆ 1:7920. ಮೈಲಿಗೆ ಎಂಟು ಇಂಚು, ಹಳೆಯ ಹಳ್ಳಿ ನಕ್ಷೆಯದ್ದೇ ಲೆಕ್ಕ. ಸರ್ವೆ ನಂಬರ್ ಮಟ್ಟಕ್ಕೆ ಮಣ್ಣು ಗೊತ್ತಾಗುತ್ತದೆ. ಅದಕ್ಕೂ ಮೊದಲು ರಾಜ್ಯಕ್ಕೆ ಇದ್ದ ಮಣ್ಣು ನಕ್ಷೆ 1:2,50,000 ಅಳತೆಯದ್ದು, ಅದರಲ್ಲಿ ನನ್ನ ಹೊಲ ಸಾಸಿವೆ ಕಾಳಿಗಿಂತ ಸಣ್ಣದು. ಇದು ನಿಜಕ್ಕೂ ದೊಡ್ಡ ಕೆಲಸ, ಮೆಚ್ಚಲೇಬೇಕು. ಈಗ ರಿವಾರ್ಡ್ ಅನ್ನುವ ಯೋಜನೆಯಲ್ಲಿ ಒಡಿಶಾ ಕೂಡ ಇದೇ ದಾರಿ ಹಿಡಿದಿದೆ. ನಮ್ಮ ಕೆಲಸ ನೋಡಿ ಇನ್ನೊಂದು ರಾಜ್ಯ ಕಲಿಯುತ್ತಿದೆ ಅಂದರೆ ಖುಷಿ ಅಲ್ವಾ?

ಆದರೆ ಆ ಗುಂಡಿಯಲ್ಲಿ ಸಿಕ್ಕ ವಿಷಯ ಎಲ್ಲಿಗೆ ಹೋಯಿತು? ನಾನು ನೋಡಿದ ಅಟ್ಲಾಸ್ ಇಂಗ್ಲಿಷಿನಲ್ಲಿತ್ತು. ಬಣ್ಣ ಬಣ್ಣದ ನಕ್ಷೆಗಳು, ಚೆನ್ನಾಗಿವೆ. ಅಪ್ಪನಿಗೆ ಓದಿ ಹೇಳಲು ಅಕ್ಕನ ಮಗಳೇ ಬೇಕಾಯಿತು.

ಇನ್ನೊಂದು ಕಡೆ ನೋಡಿ. ವಾಗೆನಿಂಗೆನ್‌ನಲ್ಲೇ ಇಸ್ರಿಕ್ ಎಂಬ ಸಂಸ್ಥೆ ಇದೆ. ಇಡೀ ಜಗತ್ತಿನ ಮಣ್ಣು ನಕ್ಷೆಯನ್ನು ಸಾಯಿಲ್‌ಗ್ರಿಡ್ಸ್ ಅಂತ ಯಾರು ಬೇಕಾದರೂ ನೋಡುವಂತೆ ಬಿಟ್ಟಿದೆ. ಮೊಬೈಲಿನಲ್ಲಿ ನನ್ನ ಹೊಲದ ಮೇಲೆ ಬೆರಳಿಟ್ಟರೆ ಇಂಗಾಲ ಇಷ್ಟು, ಜೇಡಿ ಇಷ್ಟು ಅಂತ ಹೇಳುತ್ತದೆ. ಅದರ ಒಂದು ಚೌಕ 250 ಮೀಟರ್. ಅಂದರೆ ಹದಿನೈದು ಎಕರೆಗೂ ಜಾಸ್ತಿ. ನನ್ನ ಎರಿ, ನನ್ನ ಮಸಾರಿ, ಪಕ್ಕದವರ ಗರಸು (ಹರಳು ನೆಲ) ಎಲ್ಲ ಒಂದೇ ಚೌಕದಲ್ಲಿ ಕಲಸಿಹೋಗಿವೆ. ಆ ಅಂಕಿಗಳು ಕಂಪ್ಯೂಟರಿನ ಅಂದಾಜು. ಬೇರೆ ಬೇರೆ ದೇಶಗಳು ಕೊಟ್ಟ ಗುಂಡಿಗಳ ವಿವರ ಇಟ್ಟುಕೊಂಡು ಉಳಿದ ಜಾಗವನ್ನು ಅದು ಊಹಿಸುತ್ತದೆ. ಅದರಲ್ಲಿ ಭಾರತದ ಗುಂಡಿಗಳು ನಮ್ಮ ದೇಶದ ಗಾತ್ರಕ್ಕೆ ಬಹಳ ಕಮ್ಮಿ. ನಮ್ಮ ಹೊಲದಲ್ಲಿ ತೋಡಿದ ಗುಂಡಿ ನಮ್ಮಲ್ಲೇ ಉಳಿದು, ಎಲ್ಲಿಯದೋ ಗುಂಡಿ ನೋಡಿ ನಮ್ಮ ಹೊಲದ ಭವಿಷ್ಯ ಹೇಳುತ್ತಿದ್ದಾರೆ. ಹವಾಮಾನ ಬದಲಾವಣೆ, ಇಂಗಾಲದ ಲೆಕ್ಕ ಅಂತ ನಾಳೆ ಜಗತ್ತು ದುಡ್ಡು ಹಂಚಲು ಕೂತಾಗ ಇಂಥ ಅಂದಾಜಿನ ಮೇಲೇ ಹಂಚಿದರೆ ನಷ್ಟ ಯಾರಿಗೆ?

ನಮ್ಮ ಮಣ್ಣಿನ ಗುಟ್ಟು ಹೊರಗಿನವರಿಗೆ ಯಾಕೆ ಕೊಡಬೇಕು ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಅನುಮಾನವೇ. ರೈತನ ಹೆಸರು, ಸರ್ವೆ ನಂಬರ್ ಕೊಡಬೇಡಿ. ಜಮೀನು ಹುಡುಕಿಕೊಂಡು ಬರುವವರಿಗೆ ಅದು ಸಿಗಬಾರದು. ಆದರೆ ಗುಂಡಿಯ ಪದರ, ಪಿಎಚ್, ಇಂಗಾಲ, ಜೇಡಿ ಎಷ್ಟು ಅನ್ನುವುದರಲ್ಲಿ ಯಾವ ಗುಟ್ಟಿದೆ? ಆಕಾಶದಿಂದ ಉಪಗ್ರಹ ದಿನಾ ನೋಡುತ್ತಲೇ ಇದೆ. ನಮ್ಮ ಕಡೆಯ ಮಣ್ಣಿನ ಮಾತು ಜಗತ್ತಿಗೆ ಹೋಗಿದ್ದೂ ಇದೆ. 1800ರಲ್ಲಿ ಮೈಸೂರು ಸೀಮೆ ಸುತ್ತಲು ಹೊರಟ ಈಸ್ಟ್ ಇಂಡಿಯಾ ಕಂಪನಿಯ ಬುಕಾನನ್, ಮಲಬಾರಿನ ಅಂಗಡಿಪುರಂನಲ್ಲಿ ಜನ ಇಟ್ಟಿಗೆಯಂತೆ ಕಡಿದು ಮನೆ ಕಟ್ಟುತ್ತಿದ್ದ ಕಲ್ಲು ನೋಡಿ ಲ್ಯಾಟರೈಟ್ ಅಂತ ಹೆಸರಿಟ್ಟ. ನಮ್ಮ ಕರಾವಳಿಯವರ ಮುರಕಲ್ಲು ಅದೇ. ಇವತ್ತು ಆಫ್ರಿಕಾ, ಬ್ರೆಜಿಲ್‌ನಲ್ಲೂ ಅದೇ ಹೆಸರು.

ದೂರದ ದೇಶ ಬಿಡಿ, ಪಕ್ಕದ ರಾಜ್ಯದ ಜೊತೆಗಾದರೂ ಮಾತಾಡಿ. ಎರಿ ಭೂಮಿ ರಾಯಚೂರಿಗೆ ಮುಗಿಯುವುದಿಲ್ಲ. ಗದ್ವಾಲ, ಆದೋನಿ, ಸೊಲ್ಲಾಪುರದವರೆಗೂ ಹಬ್ಬಿದೆ. ಅವರು ರೇಗಡಿ ಅನ್ನುತ್ತಾರೆ, ನಾವು ಎರಿ ಅನ್ನುತ್ತೇವೆ. ಗಡಿ ದಾಟಿದ ಕೂಡಲೇ ಮಣ್ಣು ತೆಲುಗು ಕಲಿಯುವುದಿಲ್ಲವಲ್ಲ. ತುಂಗಭದ್ರಾ ನೀರೂ ಹಾಗೇ, ಮೂರು ರಾಜ್ಯಕ್ಕೆ ಹರಿಯುತ್ತದೆ, ಹರಿದ ಎಷ್ಟೋ ಕಡೆ ನೆಲವನ್ನು ಸವಳು (ಉಪ್ಪು) ಜವಳು (ನೀರು ನಿಲ್ಲುವ ನೆಲ) ಮಾಡಿದೆ. ಗಂಗಾವತಿ ಕಡೆ ನನ್ನ ಸೋದರಮಾವನ ಗದ್ದೆ ಇದೆ. ಬೇಸಿಗೆಯಲ್ಲಿ ಹೋದರೆ ನೆಲದ ಮೇಲೆ ಬಿಳಿ ಪುಡಿ, ಉಪ್ಪು ಚೆಲ್ಲಿದಂತೆ. 1990ರ ದಶಕದ ಕೊನೆಯಲ್ಲಿ ಇಂಡೋ-ಡಚ್ ಯೋಜನೆ ಅಂತ ಬಂದಿತ್ತು. ಸಮುದ್ರಕ್ಕಿಂತ ತಗ್ಗಿನಲ್ಲಿ ಬದುಕುವ ಡಚ್ಚರಿಗೆ ನೀರು ಬಸಿಯುವುದು ಚೆನ್ನಾಗಿ ಗೊತ್ತು. ಕರ್ನಾಲಿನ ಲವಣ ಮಣ್ಣು ಸಂಶೋಧನಾ ಸಂಸ್ಥೆ, ಧಾರವಾಡ ಕೃಷಿ ವಿವಿ, ಆಂಧ್ರ, ಗುಜರಾತ್, ರಾಜಸ್ಥಾನ ಎಲ್ಲ ಸೇರಿ ನೆಲದಡಿ ತೂತಿನ ಪೈಪು ಹಾಕಿ ಉಪ್ಪುನೀರು ಬಸಿದು ನೋಡಿದರು. ಕೆಲಸ ಮಾಡುತ್ತದೆ ಅಂತಲೂ ಗೊತ್ತಾಯಿತು. ನನ್ನ ಮಾವ ಕೇಳುವ ಪ್ರಶ್ನೆ ಬೇರೆ: ಯೋಜನೆ ಮುಗಿದು ಸಾಹೇಬರು ಹೋದ ಮೇಲೆ ಪೈಪಿನಲ್ಲಿ ಹೂಳು ಕಟ್ಟಿದರೆ ತೆಗೆಯುವವರು ಯಾರು? ಸಹಕಾರದ ಒಪ್ಪಂದ ಬರೆಯುವಾಗ ಇದಕ್ಕೂ ಒಂದು ಸಾಲು ಇರಲಿ.

ಇನ್ನು ನಾನು ಬೇಡುವುದು. ಒಂದು, ಪ್ರತಿ ಮಣ್ಣು ಆರೋಗ್ಯ ಕಾರ್ಡಿನಲ್ಲೂ ಯಾವ ವಿಧಾನ, 1.3ರಿಂದ ಗುಣಿಸಿದ್ದೋ ಇಲ್ಲವೋ ಅಂತ ಕನ್ನಡದಲ್ಲಿ ಅಚ್ಚು ಹಾಕಿ. ಒಂದು ಸಾಲಿನ ಶಾಯಿ ಅಷ್ಟೇ. ಮಣ್ಣು ಎಲ್ಲಿಂದ ತೆಗೆದದ್ದು ಅಂತಲೂ ಹಾಕಿ. 2015ರಲ್ಲಿ ಕಾರ್ಡು ಶುರುವಾದಾಗ ಖುಷ್ಕಿ ಭೂಮಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆದು ಆ ಚೌಕದೊಳಗಿನ ಎಲ್ಲರಿಗೂ ಅದನ್ನೇ ಹಂಚಿದ್ದರು. ನನ್ನ ಹಳೆಯ ಕಾರ್ಡಿನಲ್ಲಿರುವುದು ಯಾರ ಹೊಲದ ಮಣ್ಣೋ ನನಗಿನ್ನೂ ಗೊತ್ತಿಲ್ಲ. ಇನ್ನೊಂದು, ಸರ್ಕಾರದ್ದಿರಲಿ ಖಾಸಗಿಯದ್ದಿರಲಿ, ರಾಜ್ಯದ ಎಲ್ಲ ಲ್ಯಾಬಿಗೂ ವರ್ಷಕ್ಕೆ ಎರಡು ಸಲ ಗುಟ್ಟಾಗಿ ಒಂದೇ ಮಣ್ಣು ಕಳಿಸಿ. ಬಂದ ಉತ್ತರವನ್ನು ಲ್ಯಾಬಿನ ಬಾಗಿಲಿಗೆ ಅಂಟಿಸಿ. ತಪ್ಪಿದವರಿಗೆ ನೋಟಿಸ್ ಬೇಡ, ಒಳ್ಳೆಯ ತಕ್ಕಡಿ ಕೊಡಿ, ತರಬೇತಿ ಕೊಡಿ, ಖಾಲಿ ಹುದ್ದೆ ತುಂಬಿ. ಹಂಗಾಮಿನಲ್ಲಿ ರಾಶಿಗಟ್ಟಲೆ ಚೀಲ ತಂದು ಸುರಿದು ಹದಿನೈದು ದಿನದಲ್ಲಿ ಕಾರ್ಡು ಬೇಕು ಅಂದರೆ ಯಾರ ಕೈಯಲ್ಲೂ ಆಗುವುದಿಲ್ಲ.

ಕೊನೆಯದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಮಣ್ಣನ್ನು ಎಸೆಯಬೇಡಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಪ್ರಯೋಗ ನಡೆಯುತ್ತಿದೆ. ಆಗಿನ ಕಾಲದಿಂದ ತೆಗೆದ ಮಣ್ಣು, ಕಾಳು, ಹುಲ್ಲನ್ನು ಬಾಟಲಿಯಲ್ಲಿ ತುಂಬಿ ಇಟ್ಟಿದ್ದಾರೆ. ಇಟ್ಟವರಿಗೆ ಮುಂದೆ ಅದರಲ್ಲಿ ಏನು ಹುಡುಕುತ್ತಾರೆ ಅಂತ ಗೊತ್ತಿರಲಿಲ್ಲ. ನೂರು ವರ್ಷದ ಮೇಲೆ ಹೊಸ ಯಂತ್ರ ಬಂದಾಗ ಅದೇ ಬಾಟಲಿ ತೆರೆದು ಹಳೆಯ ಗಾಳಿ, ಗೊಬ್ಬರದಿಂದ ಬಂದ ವಿಷದ ಅಂಶಗಳನ್ನೂ ಅಳೆದರು. ನಮ್ಮಲ್ಲೂ ಹೆಬ್ಬಾಳ, ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಆವರಣದಲ್ಲಿ ದಶಕಗಳಿಂದ ನಡೆದ ಪ್ರಯೋಗಗಳಿವೆ. ಅವುಗಳ ಜೊತೆ ತಾಲೂಕಿಗೆ ಹತ್ತು ರೈತರ ಹೊಲದ ಮಣ್ಣನ್ನಾದರೂ ಒಂದು ಕೋಣೆಯಲ್ಲಿ ಇಡಿ. ನಾಳೆ ಜಗತ್ತಿನ ಯಾವ ಮೂಲೆಯ ವಿಜ್ಞಾನಿ ಬಂದು ಕೇಳಿದರೂ ಕೊಡಲು ನಮ್ಮ ಹತ್ತಿರ ಏನಾದರೂ ಇರಬೇಕಲ್ಲ.

ಭೂಚೇತನದಲ್ಲಿ ನಮ್ಮೂರಿನಿಂದ ಹೋದ ಮಣ್ಣು ಎಲ್ಲಿದೆ ಅಂತ ಯಾರಾದರೂ ಹೇಳಿದರೆ ಸಂತೋಷ.

ನನ್ನ ಮೂರನೇ ಚೀಲ ಅಟ್ಟದ ಮೇಲೆ ಮೊಳೆಗೆ ತೂಗುಹಾಕಿದೆ. ಅರ್ಧ ಕೆಜಿ ಎರಿ, ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ. ಇಲಿ ಮುಟ್ಟಿಲ್ಲ. ಯಾವ ಲ್ಯಾಬಿಗೆ ಕಳಿಸಲಿ ಅಂತ ತಿಳಿಸಿ, ಬಸ್ ಚಾರ್ಜು ನಾನೇ ಹಾಕಿಕೊಂಡು ತಂದುಕೊಡುತ್ತೇನೆ.

ಇಂತಿ ನಿಮ್ಮ,
ಕೊಪ್ಪಳ ತಾಲೂಕಿನ ಒಬ್ಬ ಖುಷ್ಕಿ ರೈತ